ಮೂರನೇ ಪೆಡಲು ಬಂದ ವರ್ಷ

ಮೊನ್ನೆ ಮೆಕ್ಯಾನಿಕ್ ಬಾಷಾ ಅವರ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿಕೊಂಡೆ. ಒಳಗೆ ಯಾವುದೋ ಲಾರಿಯ ಗೇರ್‌ಬಾಕ್ಸ್ ಬಿಚ್ಚಿ ನೆಲಕ್ಕೆ ಇಳಿಸಿದ್ದರು. ಹಳೆಯ ಗೇರ್ ಆಯಿಲ್ ತಗಡಿನ ತಟ್ಟೆಗೆ ಸೋರುತ್ತಿತ್ತು. ಆ ಎಣ್ಣೆಗೆ ಒಂದು ಗಂಧಕದ ವಾಸನೆ ಇದೆ, ಕೆಟ್ಟ ಬೆಳ್ಳುಳ್ಳಿಯದೂ ಸ್ವಲ್ಪ ಬೆರೆತಂತೆ. ಒಮ್ಮೆ ಸೀರೆಗೆ ಹತ್ತಿದರೆ ತೊಳೆದರೂ ಬೇಗ ಬಿಡುವುದಿಲ್ಲ. ಬೇರೆಯವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ. ನಾನು ಮಾತ್ರ ಕಿಟಕಿಯ ಗಾಜು ಇನ್ನಷ್ಟು ಇಳಿಸಿದೆ. ಆಷಾಢದಲ್ಲಿ ಶುರುವಾಗಿ ದೀಪಾವಳಿ ದಾಟಿದ ಒಂದು ಹಂಗಾಮು ನನಗೆ ಆ ವಾಸನೆಯೊಳಗೇ ಉಳಿದುಕೊಂಡಿದೆ.

ನನ್ನದು ಜೀನ್ಸ್ ಪ್ಯಾಂಟ್ ಹೊಲಿಸುವ ಕೆಲಸ. ತೆಲುಗು ಸೀಮೆಯ ಗಡಿಯಲ್ಲಿರುವ ನಮ್ಮ ರಾಯದುರ್ಗದಲ್ಲಿ ಯಾವ ಓಣಿಗೆ ಹೋದರೂ ಮಷೀನಿನ ಸದ್ದು ಕೇಳುತ್ತದೆ. ಬಳ್ಳಾರಿಯ ವ್ಯಾಪಾರಿಗಳು ಕತ್ತರಿಸಿದ ಬಟ್ಟೆ ಕೊಡುತ್ತಾರೆ, ನಾವು ಹೊಲಿದು ಬಂಡಲು ಕಟ್ಟಿ ಮರಳಿಸುತ್ತೇವೆ. ಮಗುವಾಗಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸಣ್ಣದಾಗಿ ಉಳಿಯಿತು. ಮೊಣಕಾಲಿನ ಮೇಲಿನಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಹೊಲಿಗೆ ಮಷೀನಿಗೆ ಒಂದು ಕಾಲು ಸಾಕು. ಆದರೆ ಬಂಡಲು ಬಳ್ಳಾರಿಗೆ ಸಾಗಿಸಬೇಕೆಂದರೆ ಯಾರನ್ನಾದರೂ ಕೇಳಬೇಕಿತ್ತು. ಆಟೋದವರನ್ನು, ಪಕ್ಕದ ಮನೆಯವರನ್ನು, ಎಲ್ಲರಿಗಿಂತ ಹೆಚ್ಚಾಗಿ ಅಣ್ಣ ಎರ್ರಿಸ್ವಾಮಿಯನ್ನು. ಅಣ್ಣ ಸರ್ಕಾರಿ ಬಸ್ಸಿನ ಡ್ರೈವರು. ರಾಯದುರ್ಗ–ಬಳ್ಳಾರಿ ಅವನ ದಾರಿ. ಕೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದ. ಅವನು ಬೇಸರಿಸಿದ್ದು ನನಗೆ ನೆನಪಿಲ್ಲ. ಆದರೂ ಕೇಳುವುದು ಕೇಳುವುದೇ.

ಬಿಳಿ ಗಾಡಿಯೊಂದು ಸಿಕ್ಕಮೇಲೆ ಕೇಳುವುದು ನಿಂತಿತು. ಓಬಳಾಪುರದ ಕಡೆ ಗಣಿ ಜೋರಾಗಿದ್ದಾಗ ಒಬ್ಬ ಗುತ್ತಿಗೆದಾರ ಹೊಸದಾಗಿ ತೆಗೆದುಕೊಂಡಿದ್ದ ದೊಡ್ಡ ಗಾಡಿ ಅದು. ಗಣಿ ನಿಂತ ಮೇಲೆ ಕೈಯಿಂದ ಕೈಗೆ ಇಳಿಯುತ್ತ ನನ್ನವರೆಗೆ ಬಂತು. ಹಿಂದಿನ ಸೀಟು ಮಡಚಿದರೆ ಒಂದು ವಾರದ ಹೊಲಿಗೆ ಅದರಲ್ಲಿ ಹಿಡಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅದು ಆಟೊಮ್ಯಾಟಿಕ್. ಕ್ಲಚ್ ಇಲ್ಲ. ಎರಡೇ ಪೆಡಲು, ಎರಡೂ ಬಲಗಾಲಿಗೆ.

ಓಡಿಸಲು ಕಲಿಸಿದವನು ಅಣ್ಣನೇ, ಆದರೆ ಗೊಣಗುತ್ತ. "ಗೇರಿಲ್ದ ಗಾಡಿ ಅದೆಂಥ ಗಾಡಿ? ಕೂತ್ರ ಸೋಫಾದಾಗ ಕೂತಂಗ ಐತಿ," ಎನ್ನುತ್ತಿದ್ದ. ಲೈಸೆನ್ಸ್ ಕೈಗೆ ಬಂದ ಮೇಲೆ ನಾನೊಬ್ಬಳೇ ಬಳ್ಳಾರಿಗೆ ಹೋಗಿ ಬಂದೆ. ಮನೆ ಮುಂದೆ ಗಾಡಿ ಆರಿಸಿ ಸ್ವಲ್ಪ ಹೊತ್ತು ಹಾಗೇ ಒಳಗೆ ಕೂತಿದ್ದೆ. ಯಾರಿಗೂ ಫೋನು ಮಾಡದೆ ಒಂದು ಊರಿಗೆ ಹೋಗಿ ಬಂದದ್ದು ನನಗೆ ಅದೇ ಮೊದಲು.

ನಾಲ್ಕೈದು ವರ್ಷ ಚೆನ್ನಾಗಿ ನಡೆಯಿತು. ಆ ಆಷಾಢದಲ್ಲಿ ಕೆಟ್ಟಿತು.

ನಮ್ಮ ಕಡೆ ಆಷಾಢವೆಂದರೆ ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ, ರಸ್ತೆಯಲ್ಲಿ ಹೋಗುವ ಗಾಡಿಯನ್ನು ಗಾಳಿ ಪಕ್ಕಕ್ಕೆ ನೂಕುತ್ತದೆ. ಬಳ್ಳಾರಿಯಿಂದ ಬಟ್ಟೆ ತುಂಬಿಕೊಂಡು ಬರುತ್ತಿದ್ದೆ. ಹಿರೇಹಾಳು ದಾಟಿದ ಮೇಲೆ ಏರಿನಲ್ಲಿ ಗಾಡಿ ಕೈಕೊಟ್ಟಿತು. ಎಷ್ಟು ಒತ್ತಿದರೂ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಕೆಳಗಿನಿಂದ ಸುಟ್ಟ ವಾಸನೆ. ಅಣ್ಣನ ಬಸ್ಸು ಬರುವ ಹೊತ್ತು ನನಗೆ ಗೊತ್ತಿತ್ತು. ಸೆರಗು ಬಿಗಿಯಾಗಿ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತೆ.

ಬಸ್ಸು ನಿಲ್ಲಿಸಿ ಅಣ್ಣ ಇಳಿದು ಬಂದ. ಕಿಟಕಿಗಳಿಂದ ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಗಾಡಿಯ ಕೆಳಗೆ ಬಗ್ಗಿ ನೋಡಿ ಎದ್ದು, ಬೆರಳಿಗೆ ಹತ್ತಿದ ಎಣ್ಣೆ ಮೂಸಿದ.

"ಸುಟ್ಟೈತಿ. ಇದ ಕೆಂಪಗ ಇರಬೇಕು. ಕಾಡಿಗಿಯಾಗೇತಿ ನೋಡು."

"ಈಗ ಏನ ಮಾಡೋದಣ್ಣ?"

"ಈಗ ಬಸ್ ಹತ್ತು. ಜನ ಕಾಯಾಕತ್ತಾರ."

ಕಂಡಕ್ಟರೂ ಇಬ್ಬರು ಪ್ರಯಾಣಿಕರೂ ಸೇರಿ ಬಂಡಲುಗಳನ್ನು ಬಸ್ಸಿಗೆ ಹಾಕಿದರು. ನನ್ನ ಗಾಡಿ ಗಾಳಿಗೆ ಅಲುಗಾಡುತ್ತ ಹಿಂದೆ ಉಳಿಯಿತು.

ಮರುದಿನ ಅದನ್ನು ಎಳೆದು ತಂದು ಬಾಷಾ ಅವರ ಶೆಡ್ಡಿಗೆ ಬಿಟ್ಟೆವು. ಬಾಷಾ ನಮ್ಮ ಓಣಿಯವರು, ಲಾರಿ, ಜೀಪುಗಳ ಕೆಲಸದಲ್ಲೇ ತಲೆ ನರೆತವರು. ಅರ್ಧ ದಿನ ಅದರ ಕೆಳಗೆ ಮಲಗಿದ್ದು ಎದ್ದು ಬಂದು ಹೇಳಿದರು: "ಅಕ್ಕಾ, ಇದನ್ನ ಬಿಚ್ಚು ಅಂದ್ರ ಬಿಚ್ತೀನ್ರಿ. ಮತ್ತ ಕೂಡಿಸು ಅಂತ ಮಾತ್ರ ಹೇಳಬ್ಯಾಡ್ರಿ."

ಬಳ್ಳಾರಿಯ ದೊಡ್ಡ ವರ್ಕ್‌ಶಾಪಿನವರು ಬಂದು ನೋಡಿ, ಈ ಮಾಡೆಲ್ಲಿನ ಆಟೊಮ್ಯಾಟಿಕ್ ಬಾಕ್ಸ್ ಈಗ ಬರುವುದೇ ಇಲ್ಲ ಎಂದರು. ಸಣ್ಣ ಆಟೊಮ್ಯಾಟಿಕ್ ಕಾರುಗಳಿದ್ದವು, ಆದರೆ ಅವುಗಳಲ್ಲಿ ಬಂಡಲು ಹಿಡಿಯುವುದಿಲ್ಲ. ಆಗ ಬಾಷಾ ಅವರೇ ಇನ್ನೊಂದು ದಾರಿ ಹೇಳಿದರು. ಇದೇ ಗಾಡಿ, ಇದೇ ಇಂಜಿನ್, ಕೈಯಿಂದ ಗೇರು ಹಾಕುವುದೂ ಬರುತ್ತಿತ್ತು. ಅಂಥದ್ದೊಂದು ಹಳೆಯ ಗಾಡಿ ಸಿಕ್ಕರೆ ಅದರ ಗೇರ್‌ಬಾಕ್ಸ್, ಕ್ಲಚ್ಚು, ಪೆಡಲು ಎಲ್ಲ ತೆಗೆದು ಇದಕ್ಕೆ ಕೂರಿಸಬಹುದು.

"ನಾನು ಇಂಥಾ ಕೆಲಸ ಮಾಡಿಲ್ರಿ. ಖರೇ ಹೇಳ್ತೀನಿ. ಆದ್ರ ಆಗ್ತೈತಿ ಅಂತ ಅನಿಸ್ತೈತಿ," ಎಂದರು.

ಅಣ್ಣನ ಮುಖ ಅರಳಿತು. "ಆತಲ್ಲ ಮತ್ತ. ಗೇರಿನ ಗಾಡಿ ಆದ್ರ ಎಲ್ಲಿ ಬೇಕಾದ್ರೂ ರಿಪೇರಿ ಆಗ್ತೈತಿ. ನಾನ ಓಡಿಸ್ತೀನಿ. ಡ್ಯೂಟಿ ಇಲ್ದ ದಿನ ಬಳ್ಳಾರಿಗೆ ಹೋಗಿ ಬರೋಣು."

ಅವನು ನನ್ನ ಕಾಲನ್ನು ಮರೆತು ಮಾತಾಡಲಿಲ್ಲ. ನೆನಪಿಟ್ಟುಕೊಂಡೇ, ಇದೇ ದೊಡ್ಡ ಉಪಕಾರವೆಂದು ನಂಬಿ ಮಾತಾಡಿದ. ಅದಕ್ಕೇ ನನಗೆ ಬೇಡ ಎನ್ನಲಾಗಲಿಲ್ಲ. ದಸರೆಯ ಆರ್ಡರುಗಳು ಬಂದಿದ್ದವು, ಮಷೀನುಗಳ ಮುಂದೆ ಕೂರುವ ಹೆಂಗಸರು ಕೆಲಸ ಕೇಳುತ್ತಿದ್ದರು. ಆಗಲಿ ಎಂದೆ.

ಅಂಥ ಗಾಡಿ ಮಡಕಶಿರಾದಲ್ಲಿ ಇತ್ತು. ಅಣ್ಣ ಹಿಂದೆ ಆ ಡಿಪೋದಲ್ಲಿ ಕೆಲಸ ಮಾಡಿದ್ದಾಗ ಹನುಮಂತರಾಯಪ್ಪ ಎಂಬವರ ಪರಿಚಯವಾಗಿತ್ತು. ಅವರು ಬಾಡಿಗೆಗೆ ಗಾಡಿ ಓಡಿಸುತ್ತಿದ್ದರು. ಎದೆನೋವು ಬಂದು ತೀರಿಕೊಂಡು ಒಂದು ವರ್ಷವಾಗಿತ್ತು. ಗಾಡಿ ಮನೆಯ ಹಿಂದೆ ನಿಂತಿದೆ, ಹೆಂಡತಿ ಗೌರಮ್ಮ ಅದನ್ನು ಯಾರಿಗೂ ಕೊಡುತ್ತಿಲ್ಲ ಎಂದು ಯಾರೋ ಹೇಳಿದರು. ಅಣ್ಣ ಒಬ್ಬನೇ ಹೋಗಿ ಬರುತ್ತೇನೆ ಎಂದ. ನಾನೂ ಬರುತ್ತೇನೆ ಎಂದು ಹೊರಟೆ. ಕಲ್ಯಾಣದುರ್ಗ, ಪಾವಗಡ ಹಾದು ಬಸ್ಸು ಬದಲಿಸುತ್ತ ಹೋದೆವು. ರಾಯದುರ್ಗದ ಗಾಳಿ ಅಲ್ಲಿರಲಿಲ್ಲ. ರಾತ್ರಿ ಮಳೆ ಬಂದು ಕೆಂಪು ನೆಲ ಮೆತ್ತಗಾಗಿತ್ತು, ಹೊಲಗಳಲ್ಲಿ ಶೇಂಗಾ ಎರಡೆಲೆ ಬಿಟ್ಟಿತ್ತು.

ಗೌರಮ್ಮನ ಮನೆಯ ಹಿಂದೆ ಹುಣಸೆಮರದ ಕೆಳಗೆ ಗಾಡಿ ನೀಲಿ ತಾಡಪಾಲು ಹೊದ್ದು ನಿಂತಿತ್ತು. ಟೈರುಗಳು ಕೂತುಹೋಗಿದ್ದವು. ಆಕೆ ತಾಡಪಾಲಿನ ಒಂದು ತುದಿ ಎತ್ತಿ ತೋರಿಸಿದರು. ಒಳಗೆ ಗಾಜಿನ ಮೇಲೆ ಧೂಳೇ ಇರಲಿಲ್ಲ. ಒರೆಸುತ್ತಿದ್ದರೆಂದು ತಿಳಿಯಿತು.

"ಗುಜರಿಯೋರು ಬಂದಿದ್ರು ಕಣವ್ವ. ಕಬ್ಣದ ತೂಕುಕ್ಕೆ ಕೇಳುದ್ರು. ಮನುಷ್ಯ ದಿನಾ ಮೈ ತೊಳ್ದಂಗೆ ತೊಳೀತಿದ್ದ ಗಾಡಿ. ತಕ್ಕಡಿಗೆ ಹಾಕಕಾಯ್ತದ? ಹೋಗ್ರಪ್ಪ ಅಂತ ಕಳ್ಸ್‌ಬುಟ್ಟೆ."

ಅಣ್ಣ ಬಂದ ಕೆಲಸ ಹೇಳಿದ. ಇಡೀ ಗಾಡಿಯಲ್ಲ, ಗೇರಿನ ಸಾಮಾನು ಮಾತ್ರ. ಗೌರಮ್ಮ ನನ್ನ ಕಾಲಿನ ಕಬ್ಬಿಣದ ಪಟ್ಟಿ ನೋಡಿ, ಅಣ್ಣನನ್ನು ಬಿಟ್ಟು ನನ್ನನ್ನು ಕೇಳಿದರು.

"ಗಾಡಿ ನಿಂದ?"

"ಹೌದಮ್ಮ."

"ನೀನೇ ಓಡುಸ್ತೀಯ?"

"ಇಷ್ಟು ದಿನ ಓಡಿಸ್ತಿದ್ದೆ. ಈ ಬಾಕ್ಸ್ ಹಾಕಿದ ಮ್ಯಾಲ ಅಣ್ಣ ಓಡಿಸ್ತಾನ. ಕ್ಲಚ್ ತುಳಿಯಾಕ ನಂಗ ಆಗಲ್ಲ."

"ಅಂಗಾದ್ರೆ ನಿಂಗೇನು ಬಂತು?"

ಅಣ್ಣ ನೆಲ ನೋಡಿದ. ನಾನು ವ್ಯಾಪಾರ ನಡೆಯಬೇಕಲ್ಲ ಎಂದು ಏನೋ ಹೇಳಿದೆ. ಗೌರಮ್ಮ ತಲೆ ಅಲ್ಲಾಡಿಸಿದರು, ಒಪ್ಪಿದ್ದಕ್ಕೋ ಒಪ್ಪದ್ದಕ್ಕೋ ತಿಳಿಯಲಿಲ್ಲ. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟು, "ಮೇಸ್ತ್ರಿನ ಕಳ್ಸು. ಬಿಚ್ಕಂಡು ಹೋಗ್ಲಿ. ಇಲ್ಲಿ ನಿಂತು ತುಕ್ಕು ತಿನ್ನಾದಕ್ಕಿಂತ ಎಲ್ಲಾನ ತಿರುಗ್ಲಿ," ಎಂದರು. ಬೆಲೆಯ ಮಾತನ್ನು ಅವರ ಮೈದುನನೂ ಅಣ್ಣನೂ ಜಗಲಿಯ ಮೇಲೆ ಕೂತು ಮುಗಿಸಿದರು.

ಶ್ರಾವಣವಿಡೀ ಬಾಷಾ ಅವರ ಶೆಡ್ಡಿನಲ್ಲಿ ಆ ಕೆಲಸ ನಡೆಯಿತು. ಮಧ್ಯಾಹ್ನ ಊಟ ಮುಗಿಸಿ ನಾನು ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನನ್ನ ಗಾಡಿಯ ಹೊಟ್ಟೆ ಬಿಚ್ಚಿದ್ದನ್ನು ನೋಡುವುದು ಮೊದಲು ಸಂಕಟವೆನಿಸಿತು, ಆಮೇಲೆ ಕುತೂಹಲವಾಯಿತು. ಗೇರಿನ ಕಡ್ಡಿ ಮೇಲೆ ಬರಲು ನೆಲದ ತಗಡು ಕತ್ತರಿಸಬೇಕಿತ್ತು. ಅದಕ್ಕಾಗಿ ಕಾರ್ಪೆಟ್ ಎತ್ತಿದರೆ ಕೆಳಗೆಲ್ಲ ಗಣಿಯ ಕೆಂಪು ಧೂಳು, ಅರಿಶಿನಕ್ಕೆ ಸುಣ್ಣ ಬೆರೆಸಿದ ಬಣ್ಣದ್ದು. ಬಾಷಾ ಪೊರಕೆಯಿಂದ ಗುಡಿಸಿ ಒಂದು ಡಬ್ಬಿ ತುಂಬಿಸಿ, "ಓಬಳಾಪುರ ಇನ್ನೂ ಇಳಿದೇ ಇಲ್ರಿ ಇದರಾಗಿಂದ," ಎಂದು ನಕ್ಕರು.

ಹೊಸ ಬಾಕ್ಸಿನ ಉದ್ದ ಬೇರೆ. ಹಾಗಾಗಿ ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನು ಬಳ್ಳಾರಿಯ ಲೇತಿಗೆ ಕಳಿಸಿ ಅಳತೆಗೆ ಮಾಡಿಸಿದರು. ಎಲ್ಲ ಕೂಡಿಸಿ ಬೋಲ್ಟು ಬಿಗಿದು ಕೈ ತೊಳೆದ ಮೇಲೆ ಮೇಜಿನ ಮೇಲೆ ಒಂದು ಪುಟ್ಟ ಬೇರಿಂಗ್ ಉಳಿದಿತ್ತು, ಉಂಗುರದಷ್ಟು. ಅದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರಬೇಕಾದದ್ದು. ಬಾಷಾ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತರು. "ಹೊಟ್ಟಿ ಹೊಲಿದ ಮ್ಯಾಲ ಕತ್ರಿ ನೆಪ್ಪಾದಂಗ ಆತ್ರಿ ಅಕ್ಕಾ." ಎರಡು ದಿನದ ಕೆಲಸ ಮತ್ತೆ ಬಿಚ್ಚಬೇಕಾಯಿತು.

ಕೊನೆಗೆ ಎಲ್ಲ ಕೂತಿತು. ಕೀ ತಿರುಗಿಸಿದರೆ ಗಾಡಿ ಉಸಿರೇ ಎತ್ತಲಿಲ್ಲ. ಬ್ಯಾಟರಿ ಸರಿ, ಡೀಸೆಲ್ ಸರಿ. ವೈರುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತ ಬಾಷಾ ಸಂಜೆಯ ಹೊತ್ತಿಗೆ ಕಾರಣ ಕಂಡುಹಿಡಿದರು. ಆಟೊಮ್ಯಾಟಿಕ್ ಗಾಡಿ ಪಾರ್ಕಿಂಗಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಆ ಸುದ್ದಿ ಕೊಡುವ ಹಳೆಯ ಬಾಕ್ಸೇ ಈಗ ಇರಲಿಲ್ಲ.

"ಪಾಪ, ಹಳೇ ಬಾಕ್ಸ್ ಹುಡುಕಾಕತ್ತೈತ್ರಿ. ಅದ ಹೋತು ಅಂತ ಯಾರೂ ಹೇಳಿಲ್ಲ ಅದಕ್ಕ," ಎಂದು ಎರಡು ವೈರು ತಂದು ಕ್ಲಚ್ಚಿನ ಸ್ವಿಚ್ಚಿಗೆ ಕೂಡಿಸಿದರು. ಗಾಡಿ ಎದ್ದಿತು. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಅಣ್ಣ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದ. ಡ್ರೈವರ್ ಸೀಟಿನಲ್ಲಿ ಕೂತು ಸೀಟು ಹಿಂದಕ್ಕೆ ಸರಿಸಿದ, ಕನ್ನಡಿ ತನ್ನ ಎತ್ತರಕ್ಕೆ ತಿರುಗಿಸಿಕೊಂಡ. "ಹತ್ತು ಸರೋಜಿ," ಎಂದ. ನಾನು ಆಚೆ ಬದಿಯಿಂದ ಹತ್ತಿದೆ. ಕೆಳಗೆ ನೋಡಿದರೆ ಎರಡು ಪೆಡಲಿದ್ದ ಕಡೆ ಮೂರು. ಅಣ್ಣನ ಎಡಗಾಲು ಆ ಮೂರನೆಯದನ್ನು ಎಷ್ಟು ಸಲೀಸಾಗಿ ಒತ್ತಿ ಬಿಡುತ್ತಿತ್ತೆಂದರೆ ಅವನಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಕೋಟೆ ಬೆಟ್ಟದ ಕಡೆಗೊಂದು ಸುತ್ತು ಹಾಕಿದ. ಖುಷಿಯಲ್ಲಿದ್ದ. "ಈಗ ಗಾಡಿ ಅನ್ನಿಸ್ತೈತಿ ನೋಡು," ಎಂದ.

"ಹೌದಣ್ಣ," ಎಂದೆ. "ಈಗ ನಿನ್ನ ಗಾಡಿ ಅನ್ನಿಸ್ತೈತಿ."

ಚುಚ್ಚಬೇಕೆಂದು ಅಂದದ್ದಲ್ಲ, ಬಾಯಿಗೆ ಬಂತು. ಅಣ್ಣ ಮನೆ ಮುಂದೆ ಇಳಿಸಿ, ಕೀ ನನ್ನ ಕೈಗೆ ಕೊಟ್ಟು ಹೋದ.

ಆಮೇಲಿನ ದಿನಗಳಲ್ಲಿ ಎರಡು ಸಲ ಬಳ್ಳಾರಿಗೆ ಹೋದೆವು. ಅಣ್ಣ ವಾರವೆಲ್ಲ ಬಸ್ಸು ಓಡಿಸಿ ರಜೆಯ ದಿನ ನನ್ನ ಗಾಡಿ ಓಡಿಸಿದ. ವ್ಯಾಪಾರಿಯ ಅಂಗಡಿಯಲ್ಲಿ ನಾನು ಲೆಕ್ಕ ಮುಗಿಸಿ ಬರುವಷ್ಟರಲ್ಲಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿರುತ್ತಿದ್ದ. ಎಬ್ಬಿಸಲು ಮನಸ್ಸಾಗದೆ ನಾನು ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಹಳೆಯ ದಿನಗಳು ಮರಳಿ ಬಂದವಲ್ಲ ಎನಿಸುತ್ತಿತ್ತು.

ಒಂದು ಸಂಜೆ ಅಣ್ಣ ಬಸ್ಸಿಳಿದು ನೇರವಾಗಿ ನಮ್ಮ ಮನೆಗೆ ಬಂದ. ನೀರು ಕುಡಿದು ಕೂತು ಹೇಳಿದ. ಬಳ್ಳಾರಿ ಬಸ್‌ಸ್ಟ್ಯಾಂಡಿನ ಹೊರಗೆ ಚಹಾ ಕುಡಿಯುತ್ತಿದ್ದಾಗ ಒಬ್ಬರು ದೊಡ್ಡ ಗಾಡಿಯಿಂದ ಊರುಗೋಲು ಹಿಡಿದು ಇಳಿದರಂತೆ, ಅದೂ ಡ್ರೈವರ್ ಬಾಗಿಲಿನಿಂದ. ಅಣ್ಣ ಚಹಾ ಅಲ್ಲೇ ಇಟ್ಟು ಅವರ ಹಿಂದೆ ಹೋದನಂತೆ.

"ಅವರಿಗೂ ಎಡಗಾಲಿನ್ಯಾಗ ಬಲ ಇಲ್ಲ. ಗೇರಿನ ಗಾಡಿನ ಓಡಿಸ್ತಾರ. ಗೇರಿನ ಕಡ್ಡಿಗೆ ಒಂದು ಸ್ವಿಚ್ ಐತಿ. ಒತ್ತಿದ್ರ ಕ್ಲಚ್ ತಾನ ಹೋಗ್ತೈತಿ, ಬಿಟ್ರ ಬರ್ತೈತಿ. ಬ್ರೇಕಿಗೆ ಗಾಳಿ ಎಳ್ಯೋ ಡಬ್ಬಿ ಇರ್ತೈತಲ್ಲ, ಅಂಥಾದ್ದ ಕ್ಲಚ್ ಎಳೀತೈತಿ. ಬಳ್ಳಾರ್ಯಾಗ ಕೂರಿಸ್ತಾರಂತ."

ಇಂಥದ್ದೊಂದು ಇದೆಯೆಂದು ನಾನೂ ಕೇಳಿದ್ದೆ. ಸಣ್ಣ ಕಾರುಗಳಿಗೆ ಮಾತ್ರ ಎಂದುಕೊಂಡು ವಿಚಾರಿಸದೆ ಬಿಟ್ಟಿದ್ದೆ.

"ಅಣ್ಣಾ, ನಿನ್ನ ಬಸ್ ಹೊರಡೋ ಹೊತ್ತಿರಲಿಲ್ಲೇನು?"

"ಇತ್ತು. ಕಂಡಕ್ಟರ್ ಬೈದ," ಎಂದ. ಗೋಡೆಯ ಕಡೆ ನೋಡುತ್ತ ಹೇಳಿದ, "ನಾನು ಓಡಿಸಿದ್ರ ನಿಂಗ ಕಷ್ಟ ತಪ್ಪತೈತಿ ಅಂತಿದ್ದೆ. ನಿನ್ನ ಗಾಡಿ ನಿಂಗ ವಾಪಸ್ ಕೊಡಬೇಕಲ್ಲ."

ಆ ಸಾಮಾನು ಕೂರಿಸಿದ ಮೇಲೆ ಕಲಿಯುವ ಕೆಲಸ. ಕಣೇಕಲ್ಲು ಕೆರೆಯ ಕಡೆಯ ರಸ್ತೆಯನ್ನು ಅಣ್ಣ ಆರಿಸಿದ. ಕಾಲುವೆಗೆ ನೀರು ಬಿಟ್ಟಿದ್ದರು, ಎರಡೂ ಕಡೆ ಭತ್ತದ ನಾಟಿ ನಡೆಯುತ್ತಿತ್ತು. ಬೆರಳು ಸ್ವಿಚ್ಚಿನ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ. ಎರಡನ್ನೂ ಒಟ್ಟಿಗೆ ಹೊಂದಿಸುವುದು ನನಗೆ ಬರುತ್ತಲೇ ಇರಲಿಲ್ಲ. ಗಾಡಿ ಕುರಿಮರಿಯಂತೆ ಜಿಗಿದು ಆರಿಹೋಗುತ್ತಿತ್ತು. ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಒಬ್ಬಾಕೆ ಕೂಗಿ ಕೇಳಿದಳು, "ಏನಕ್ಕಾ, ಡೀಸೆಲ್ ಇಲ್ಲೇನು?"

"ಡೀಸೆಲ್ ಐತವ್ವ, ಕೈ ಕೂಡಂಗಿಲ್ಲ," ಎಂದೆ. ಅವರೂ ನಕ್ಕರು, ಅಣ್ಣ ಮಾತ್ರ ನಗಲಿಲ್ಲ. ಬಸ್ಸಿನಲ್ಲಿ ಸದಾ ಗೊಣಗುವವನು ಆ ದಿನಗಳಲ್ಲಿ ಒಂದು ಸಲವೂ ಗದರಲಿಲ್ಲ.

"ಕಾಲು ಮರೀ. ಕಣ್ಣೂ ಮರೀ," ಎಂದ. "ಇಂಜಿನ್ ಏನಂತೈತಿ ಕೇಳು. ಭಾರ ಆತು ಅಂದ್ರ ದನಿ ದಪ್ಪ ಆಗ್ತೈತಿ. ಆಗ ಗೇರ್ ಇಳಿಸು. ಹೊಲಿಗಿ ಮಷೀನ್ ದಪ್ಪ ಬಟ್ಟಿ ಮ್ಯಾಲ ಬಂದಾಗ ನಿಂಗ ಗೊತ್ತಾಗಲ್ಲೇನು?"

ಅದು ನನಗೆ ತಿಳಿಯಿತು. ಜೀನ್ಸಿನ ಜೋಡುಮಡಿಕೆಯ ಮೇಲೆ ಸೂಜಿ ಬರುವಾಗ ಮಷೀನಿನ ದನಿ ಬದಲಾಗುವುದನ್ನು ನಾನು ಇಷ್ಟು ವರ್ಷ ಕೇಳಿದ್ದೇನೆ, ಆಗ ಕಾಲು ತಾನೇ ನಿಧಾನಿಸುತ್ತದೆ. ಕೆರೆಯ ಏರಿ ಮುಗಿಯುವಷ್ಟರಲ್ಲಿ ಎರಡನೆಯ ಗೇರಿಗೆ ಜಿಗಿಯದೆ ಹೋದೆ. ದಸರೆಯ ಹೊತ್ತಿಗೆ ನಾಲ್ಕನೆಯದಕ್ಕೂ. ಅನಂತಪುರದ ಸಾರಿಗೆ ಕಚೇರಿಗೆ ಹೋಗಿ ಗಾಡಿ ತೋರಿಸಿ, ಆಗಿದ್ದ ಬದಲಾವಣೆಯನ್ನೆಲ್ಲ ಬರೆಸಿಕೊಂಡು ಬಂದೆವು. ಪರೀಕ್ಷೆ ಮಾಡಿದ ಅಧಿಕಾರಿ ತೆಲುಗಿನಲ್ಲಿ ಒಂದೇ ಮಾತು ಕೇಳಿದರು, ಯಾರು ಕಲಿಸಿದ್ದು ಎಂದು. ಅಣ್ಣ ಅಲ್ಲೇ ನಿಂತಿದ್ದ. ನಾನು ಅವನ ಕಡೆ ಕೈ ತೋರಿಸಿದೆ.

ದೀಪಾವಳಿಯ ಮುಂಚಿನ ಕೊನೆಯ ಬಂಡಲುಗಳನ್ನು ನಾನೇ ಬಳ್ಳಾರಿಗೆ ಮುಟ್ಟಿಸಿದೆ. ಹಿರೇಹಾಳಿನ ಹತ್ತಿರ ಎದುರಿನಿಂದ ಅಣ್ಣನ ಬಸ್ಸು ಬಂತು. ಅವನು ಹಾರನ್ ಹೊಡೆಯಲಿಲ್ಲ, ಕೈಯೂ ಬೀಸಲಿಲ್ಲ. ಬಸ್ಸನ್ನು ರಸ್ತೆಯ ಅಂಚಿಗೆ ಇಳಿಸಿ, ದೊಡ್ಡ ಗಾಡಿಗೆ ದಾರಿ ಬಿಡುವ ಹಾಗೆ ಬಿಟ್ಟುಕೊಟ್ಟ.

ಹಬ್ಬ ಮುಗಿದ ಮೇಲೆ ಮಷೀನುಗಳಿಗೆ ಕೆಲಸ ಕಡಿಮೆಯಾಯಿತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಮಡಕಶಿರಾಕ್ಕೆ ಹೊರಟೆ. ಅವರೆಕಾಯಿ ಹೂ ಬಿಟ್ಟ ಕಾಲ, ಚಳಿ ಸಣ್ಣಗೆ ಶುರುವಾಗಿತ್ತು. ಗೌರಮ್ಮ ಅಂಗಳದಲ್ಲಿ ಶೇಂಗಾ ಕಾಯಿ ಬಿಡಿಸುತ್ತಿದ್ದರು. ಗಾಡಿ ನಿಂತದ್ದು ನೋಡಿ ಎದ್ದರು. ನಾನು ಬಲಗಡೆಯ ಬಾಗಿಲಿನಿಂದ ಇಳಿದದ್ದನ್ನು ನೋಡಿ ಅಲ್ಲೇ ನಿಂತರು.

"ನೀನೇ ತಂದ್ಯ?"

"ನಾನೇ ತಂದೆನಮ್ಮ."

ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಗಾಡಿಯನ್ನು ಸುತ್ತಿ ನೋಡಿದರು. ಕಿಟಕಿಯಿಂದ ಬಗ್ಗಿ ಗೇರಿನ ಕಡ್ಡಿಯನ್ನು ನೋಡಿದರು. ಒಂದು ಸುತ್ತು ಹೋಗಿ ಬರೋಣವೇ ಎಂದು ನಾನು ಕೇಳಿದ್ದಕ್ಕೆ ಬೇಡವೆನ್ನಲಿಲ್ಲ. ಹಿಂದಿನ ಬಾಗಿಲು ತೆರೆಯಲು ಹೋದರು. ನಾನು ಮುಂದಿನ ಬಾಗಿಲು ತೆರೆದೆ.

"ಮುಂದ್ಲ ಸೀಟ್ನಾಗೆ ಯಾವತ್ತೂ ಕೂತಿಲ್ಲ ಕಣವ್ವ," ಎಂದರು ಹತ್ತುತ್ತ. "ಬಾಡಿಗೆ ಗಾಡಿ ಅಲ್ವ, ಯಾವಾಗ್ಲೂ ಜನ ಇರೋರು. ನಾನು ಹಿಂದೆ ಮೂಟೆ ಜತೆಗೆ."

ಪೇಟೆ ದಾಟಿ ಅಮರಾಪುರದ ರಸ್ತೆಗೆ ಬಂದೆವು. ಗೌರಮ್ಮ ರಸ್ತೆಯನ್ನು ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಮೂರನೆಯ ಗೇರಿಗೆ ಹಾಕುವಾಗ ಅದು ಸ್ವಲ್ಪ ತಡೆಯಿತು, ಯಾವಾಗಲೂ ತಡೆಯುತ್ತದೆ.

"ಅಂಗೇ ಅದು. ಸೊಲ್ಪ ಬುಟ್ಟು ಹಾಕ್ಬೇಕು. ಅವ್ರು ಅಂಗೇ ಹಾಕೋರು," ಎಂದರು. ಅವರು ಹೇಳಿದಂತೆ ಒಂದು ಕ್ಷಣ ಬಿಟ್ಟು ಹಾಕಿದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಗೌರಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಒಂದು ತಿರುವಿನಲ್ಲಿ ಗಾಡಿ ಹಿಂದಿರುಗಿಸಲು ನಿಧಾನಿಸಿದೆ.

"ಯಾಕೆ ತಿರುಗಿಸ್ತೀಯ? ಮುಂದ್ಕೆ ನಡಿ. ನಮ್ಮಕ್ಕನ ಮನೆ ಅಲ್ಲೇ ಐತೆ."

ಅಕ್ಕನ ಮನೆ ಊರ ಅಂಚಿನಲ್ಲಿತ್ತು. ಗಾಡಿಯ ಸದ್ದಿಗೆ ಒಬ್ಬ ಮುದುಕಿ ಹೊರಗೆ ಬಂದು, ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟು ನೋಡಿದಳು. ಮುಂದಿನ ಸೀಟಿನಲ್ಲಿ ಕೂತ ತಂಗಿಯನ್ನು ಗುರುತು ಹಿಡಿದು ಹತ್ತಿರ ಬಂದು, ಗಾಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಯಾರ್ದೇ ಗೌರಿ, ಈ ಗಾಡಿ?"

ಗೌರಮ್ಮ ಇಳಿಯಲಿಲ್ಲ. ಬಾಗಿಲನ್ನೂ ತೆರೆಯಲಿಲ್ಲ. ಕೂತಲ್ಲಿಂದಲೇ ಕಿಟಕಿಯ ಮೇಲೆ ಮೊಣಕೈ ಊರಿ ಹೇಳಿದರು:

"ಗಾಡಿ ಈಯಮ್ಮುಂದು ಕಣಕ್ಕ. ಗೇರು ನಮ್ಮೆಜಮಾನ್ರುದು."